ನಾನು ನಿಂತ ಸಾಲೇ ಯಾಕೆ ನಿಂತುಬಿಡುತ್ತದೆ?

ಪ್ರಶ್ನೆ: ಸಾರ್, ನಾನು ಚಿಕ್ಕಮಗಳೂರಿನವನು, ಕೆಲಸದ ಮೇಲೆ ವಾರಕ್ಕೆ ಮೂರು ದಿನ ಹಾಸನಕ್ಕೆ ಓಡಾಡುತ್ತೇನೆ. ಬ್ಯಾಂಕು, ಸೊಸೈಟಿ, ಟೋಲು, ಎಲ್ಲಿ ನಿಂತರೂ ಪಕ್ಕದ ಸಾಲೇ ಮುಂದೆ ಹೋಗುತ್ತದೆ. ಆ ಸಾಲಿಗೆ ಹೋದರೆ ಬಿಟ್ಟು ಬಂದ ಸಾಲು ಓಡಲು ಶುರು. ಹತ್ತಿದ ಬಸ್ಸೆಲ್ಲ ತುಂಬಿರುತ್ತದೆ. ನಮ್ಮ ಮನೆಯವರು "ಎಲ್ಲಾ ನಿಮ್ಮ ಕಾಲ್ಗುಣ" ಅನ್ನುತ್ತಾರೆ. ಇದಕ್ಕೆ ಏನಾದರೂ ಲೆಕ್ಕ ಇದೆಯಾ, ಇಲ್ಲ ನಿಜಕ್ಕೂ ನನ್ನ ಕಾಲೇ ಸರಿ ಇಲ್ವಾ? ಸಾಲು ಬದಲಾಯಿಸಬೇಕಾ, ಬೇಡವಾ?

ಉತ್ತರ: ಮೊದಲು ನಿಮ್ಮ ಕಾಲಿಗೆ ಕ್ಲೀನ್ ಚಿಟ್ ಕೊಟ್ಟುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನಿಮ್ಮ ಕಾಲ್ಗುಣದ್ದೇನೂ ತಪ್ಪಿಲ್ಲ. ಹಾಗಂತ ನಿಮ್ಮ ದೂರು ಸುಳ್ಳೂ ಅಲ್ಲ. ನಿಮ್ಮ ಸಾಲು ನಿಜವಾಗಿಯೂ ನಿಧಾನ. ನನ್ನದೂ ನಿಧಾನ. ಹಾಸನದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಅವರದ್ದೂ ನಿಧಾನವೇ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಸರಾಸರಿ ಅಂದರೇನು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದು ಬೋರ್ಡಿನ ಮೇಲೆ, ನನಗೆ ಅರ್ಥವಾಗಿದ್ದು ಮಾತ್ರ ಕ್ಯೂನಲ್ಲಿ ನಿಂತು.

ಸುಲಭದ್ದು ಮೊದಲು ಮುಗಿಸೋಣ. ನಾಲ್ಕು ಕೌಂಟರ್ ಇದೆ ಅಂದುಕೊಳ್ಳಿ. ನಾಲ್ಕರಲ್ಲಿ ಎಲ್ಲಕ್ಕಿಂತ ಬೇಗ ಹೋಗುವ ಸಾಲು ಒಂದೇ ಒಂದು. ಕಣ್ಣು ಮುಚ್ಚಿ ಆರಿಸಿದರೆ ಅದು ನಿಮ್ಮ ಪಾಲಿಗೆ ಬರುವುದು ನಾಲ್ಕು ಸಲಕ್ಕೆ ಒಂದು ಸಲ. ಮಿಕ್ಕ ಮೂರು ಸಲ ಯಾವುದೋ ಒಂದು ಸಾಲು ನಿಮ್ಮನ್ನು ಹಿಂದೆ ಹಾಕಲೇಬೇಕು. ನಾವೇನು ಎಲ್ಲ ಸಾಲುಗಳ ಸರಾಸರಿ ತೆಗೆದು ನೋಡುತ್ತೇವಾ? ಇಲ್ಲ, ಗೆದ್ದ ಸಾಲನ್ನು ಮಾತ್ರ ನೋಡುತ್ತೇವೆ. ಮಕ್ಕಳ ಮಾರ್ಕ್ಸ್ ವಿಷಯದಲ್ಲೂ ಮಾಡುವುದು ಇದನ್ನೇ. ಬೀದಿಯಲ್ಲಿ ಹದಿನೈದು ಮಕ್ಕಳಿದ್ದರೆ ಹದಿಮೂರನೆಯವನ ಜೊತೆ ಯಾವ ಅಪ್ಪನೂ ತನ್ನ ಮಗನನ್ನು ಹೋಲಿಸಿದ್ದು ನಾನಂತೂ ಕಂಡಿಲ್ಲ.

ಇನ್ನು ಬಸ್ಸಿನ ವಿಷಯ. ಇದು ಸ್ವಲ್ಪ ಮಜವಾಗಿದೆ, ನಿಧಾನಕ್ಕೆ ಓದಿ.

ಮೊನ್ನೆ ಬೆಳಗ್ಗೆ ಹಾಸನದಿಂದ ಬೇಲೂರಿಗೆ ಹೊರಟಿದ್ದೆ. ಬಸ್ಸು ಇನ್ನೂ ನಿಂತಿರಲಿಲ್ಲ, ಆಗಲೇ ಕಿಟಕಿಯಿಂದ ಟವೆಲ್ಲು, ಬ್ಯಾಗು, ಕೊನೆಗೆ ಒಂದು ಹೂಕೋಸು ಒಳಗೆ ಬಿದ್ದು ಸೀಟು ಹಿಡಿದವು. (ನಮ್ಮ ಕಡೆ ರಿಜಿಸ್ಟರ್ ಆದ ಕ್ರಯಪತ್ರಕ್ಕೂ ತಕರಾರು ಬರುತ್ತದೆ, ಸೀಟಿನ ಮೇಲಿನ ಟವೆಲ್ಲಿಗೆ ಬರುವುದಿಲ್ಲ. ಹೂಕೋಸಿಗೂ ಬರಲಿಲ್ಲ.) ನಾನು ಕಂಬಿ ಹಿಡಿದು ನಿಂತೆ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬ ಯಜಮಾನರು. "ಯಾವಾಗ ನೋಡಿದ್ರೂ ಇದೇ ಕತೆ, ಒಂದು ದಿನ ಖಾಲಿ ಬಸ್ಸು ಅಂತ ಕಂಡಿದ್ದಿಲ್ಲ" ಅಂದರು. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ, "ಅಯ್ಯೋ ಮಧ್ಯಾಹ್ನ ಬನ್ನಿ ಯಜಮಾನ್ರೇ, ಸೊಳ್ಳೆ ಹೊಡ್ಕೊಂಡು ಹೋಗ್ತಿರ್ತೀವಿ" ಅಂದ. ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರ ಅನ್ನುವ ಹಾಗೆ ನೋಡಿಕೊಂಡರು.

ಇಬ್ಬರೂ ಹೇಳಿದ್ದು ನಿಜ. ಒಂದು ಟ್ರಿಪ್ಪಿನಲ್ಲಿ 90 ಜನ, ಇನ್ನೊಂದರಲ್ಲಿ 10 ಜನ ಅಂದುಕೊಳ್ಳಿ. ಕಂಡಕ್ಟರ್ ಲೆಕ್ಕದಲ್ಲಿ ಟ್ರಿಪ್ಪಿಗೆ ಸರಾಸರಿ 50. ಈಗ ಆ ನೂರು ಜನರನ್ನೂ ಇಳಿಸಿ, ನಿಮ್ಮ ಬಸ್ಸಿನಲ್ಲಿ ಎಷ್ಟು ಜನ ಇದ್ದರು ಅಂತ ಒಬ್ಬೊಬ್ಬರನ್ನೇ ಕೇಳಿ. 90 ಜನ ತೊಂಬತ್ತು ಅನ್ನುತ್ತಾರೆ, 10 ಜನ ಹತ್ತು ಅನ್ನುತ್ತಾರೆ. ಎಲ್ಲ ಕೂಡಿಸಿ ನೂರರಿಂದ ಭಾಗಿಸಿದರೆ ಬರುವುದು 82. ಅದೇ ಬಸ್ಸು, ಅದೇ ದಿನ. ಕಂಡಕ್ಟರಿಗೆ 50, ಪ್ರಯಾಣಿಕರಿಗೆ 82. ಖಾಲಿ ಬಸ್ಸು ಇಲ್ಲ ಅಂತಲ್ಲ. ಖಾಲಿ ಇತ್ತು ಅಂತ ಹೇಳಲು ಅದರಲ್ಲಿ ಜನ ಇರುವುದಿಲ್ಲ, ಅಷ್ಟೇ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಕೆಟ್ಟದ್ದಕ್ಕೆ ಯಾವಾಗಲೂ ಸಾಕ್ಷಿ ಜಾಸ್ತಿ. ಬೇಗ ಕರಗುವ ಸಾಲಿನಲ್ಲಿ ಜನ ಎರಡು ನಿಮಿಷ ಇದ್ದು ಮನೆಗೆ ಹೋಗುತ್ತಾರೆ, ಕರಗದ ಸಾಲಿನಲ್ಲಿ ಜನ ಸೇರುತ್ತಲೇ ಇರುತ್ತಾರೆ. ಹಾಗಾಗಿ ಯಾವುದೇ ಗಳಿಗೆಯಲ್ಲಿ ಹೋಗಿ ನೋಡಿದರೂ ಊರಿನ ಜಾಸ್ತಿ ಜನ ನಿಧಾನದ ಸಾಲಿನಲ್ಲೇ ಇರುತ್ತಾರೆ. ಅವರಲ್ಲಿ ನೀವೂ ಒಬ್ಬರು.

ಇದೇ ಲೆಕ್ಕವನ್ನು ಸ್ನೇಹಕ್ಕೆ ಹಾಕಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್, 1991ರಲ್ಲಿ. ನಮ್ಮಲ್ಲಿ ಹೆಚ್ಚಿನವರ ಸ್ನೇಹಿತರಿಗೆ ನಮಗಿಂತ ಜಾಸ್ತಿ ಸ್ನೇಹಿತರು ಇರುತ್ತಾರೆ ಅಂತ ಅವರು ತೋರಿಸಿದರು. ಸ್ನೇಹಿತನ ಮಗಳ ಮದುವೆಗೆ ಛತ್ರ ತುಂಬಿ ರಸ್ತೆಗೆ ಜನ ಬಂದರು, ನಮ್ಮನೆ ಮದುವೆಯಲ್ಲಿ ಕೊನೇ ಪಂಕ್ತಿಗೆ ಎಲೆ ಮಿಕ್ಕಿತು ಅಂತ ಬೇಜಾರಾಗುತ್ತದೆ, ಅಲ್ವಾ? ಊರೆಲ್ಲ ಸ್ನೇಹ ಇಟ್ಟುಕೊಂಡವನು ಆಗಿದ್ದಕ್ಕೇ ಅವನು ನಿಮಗೂ ಸ್ನೇಹಿತನಾಗಿದ್ದು. ಇಪ್ಪತ್ತೇ ಜನರನ್ನು ಕರೆದು ಮದುವೆ ಮಾಡಿದವನ ವಿಷಯ ನಿಮಗೆ ಗೊತ್ತೇ ಆಗಿರುವುದಿಲ್ಲ.

ಬಸ್ಸಿಗೆ ಕಾಯುವುದರಲ್ಲೂ ಇದೇ ಕೈಚಳಕ ನಡೆಯುತ್ತದೆ. ಗಂಟೆಗೆ ಎರಡು ಬಸ್ಸು ಅಂತ ಇಟ್ಟುಕೊಳ್ಳಿ. ಸರಿಯಾಗಿ ಅರ್ಧರ್ಧ ಗಂಟೆಗೆ ಬಂದರೆ ಹೊತ್ತುಗೊತ್ತಿಲ್ಲದೆ ಹೋಗಿ ನಿಂತವನು ಸರಾಸರಿ 15 ನಿಮಿಷ ಕಾಯುತ್ತಾನೆ. ಆದರೆ ಬಸ್ಸುಗಳು ಹಾಗೆ ಬರುವುದಿಲ್ಲ, ಜೋಡಿಯಾಗಿ ಬರುತ್ತವೆ. ಅದು ಡ್ರೈವರುಗಳು ಮಾತಾಡಿಕೊಂಡು ಮಾಡುವುದಲ್ಲ. ಮುಂದಿನ ಬಸ್ಸು ಎರಡು ನಿಮಿಷ ತಡವಾಯಿತು ಅಂದರೆ ಮುಂದಿನ ಸ್ಟಾಪಿನಲ್ಲಿ ನಾಲ್ಕು ಜನ ಜಾಸ್ತಿ ಸೇರಿರುತ್ತಾರೆ, ಅವರು ಹತ್ತಲು ಇನ್ನೂ ತಡ, ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನ ಬಸ್ಸಿಗೆ ಹತ್ತಲು ಯಾರೂ ಉಳಿದಿಲ್ಲ, ಅದು ಸೀಟಿ ಹೊಡೆದುಕೊಂಡು ಬಂದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಎರಡರ ನಡುವೆ ಒಮ್ಮೆ 5 ನಿಮಿಷ, ಒಮ್ಮೆ 55 ನಿಮಿಷ ಆಯಿತು ಅನ್ನಿ. ಗಂಟೆಗೆ ಎರಡು ಬಸ್ಸೇನೋ ಬಂತು, ಮೇಲಿನವರ ರಿಪೋರ್ಟೂ ಸರಿಯಿದೆ. ಆದರೆ ನೀವು ಹೋಗಿ ನಿಂತಿದ್ದು ಆ 55 ನಿಮಿಷದೊಳಗೇ ಆಗಿರುವ ಸಾಧ್ಯತೆ 12ರಲ್ಲಿ 11. ಸರಾಸರಿ ಕಾಯುವ ಹೊತ್ತು 25 ನಿಮಿಷ ದಾಟುತ್ತದೆ. ಕೊನೆಗೆ ಬಂದ ತುಂಬಿದ ಬಸ್ಸಿಗೆ ಎಲ್ಲರೂ ನುಗ್ಗುತ್ತಾರೆ. ಹಿಂದೆಯೇ ಖಾಲಿ ಬಸ್ಸು ಬರುತ್ತಿದೆ ಅಂತ ಕಂಡಕ್ಟರ್ ಕೂಗಿದರೂ ಯಾರೂ ನಂಬುವುದಿಲ್ಲ. ನಾನೂ ನಂಬಿಲ್ಲ, ಲೆಕ್ಕ ಗೊತ್ತಿದ್ದೂ.

ಇಲ್ಲಿವರೆಗೆ ಗಣಿತದ ಪಾಲು. ನಮ್ಮ ತಲೆಯ ಪಾಲೂ ಇದೆ.

1999ರಲ್ಲಿ ಕೆನಡಾದ ವೈದ್ಯ ಡೊನಾಲ್ಡ್ ರೆಡೆಲ್ಮಿಯರ್ ಮತ್ತು ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ ಸೇರಿ, ರಸ್ತೆಯಲ್ಲಿ ಪಕ್ಕದ ಲೇನು ಯಾಕೆ ಬೇಗ ಹೋದ ಹಾಗೆ ಕಾಣುತ್ತದೆ ಅಂತ ನೋಡಿದರು. ಎರಡೂ ಲೇನಿನ ಸರಾಸರಿ ವೇಗ ಒಂದೇ ಇದ್ದರೂ ನಮಗೆ ಪಕ್ಕದ್ದೇ ಬೇಗ ಅನಿಸುತ್ತದೆ. ಕಾರಣ ಸರಳ. ನಾವು ಮುಂದೆ ಹೋಗುವಾಗ ಒತ್ತೊತ್ತಾಗಿ ನಿಂತ ಹತ್ತು ಗಾಡಿಯನ್ನು ಅರೆಗಳಿಗೆಯಲ್ಲಿ ದಾಟಿಬಿಡುತ್ತೇವೆ. ನಾವು ನಿಂತಾಗ ಅವೇ ಹತ್ತು ಗಾಡಿ ದೂರದೂರ ಅಂತರ ಬಿಟ್ಟು ಒಂದೊಂದಾಗಿ, ಮೆರವಣಿಗೆ ಹೊರಟ ಹಾಗೆ ನಮ್ಮನ್ನು ದಾಟುತ್ತವೆ. ದಾಟಿದ ಹೊತ್ತಿಗಿಂತ ದಾಟಿಸಿಕೊಂಡ ಹೊತ್ತೇ ಜಾಸ್ತಿ. ಅದೂ ಅಲ್ಲದೆ ನಾವು ಹಿಂದೆ ಹಾಕಿದವರು ಬೆನ್ನ ಹಿಂದೆ ಮಾಯವಾಗುತ್ತಾರೆ, ನಮ್ಮನ್ನು ಹಿಂದೆ ಹಾಕಿದವರು ಕಣ್ಣೆದುರಿಗೇ ಇರುತ್ತಾರೆ. ಟೋಲಿನಲ್ಲಿ ಇದನ್ನು ಗಮನಿಸಿ. ಪಕ್ಕದ ಲೇನಿನ ಬಿಳಿ ಕಾರನ್ನು ನೀವು ಎಷ್ಟು ಹೊತ್ತು ದ್ವೇಷಿಸುತ್ತೀರಿ! ನಿಮ್ಮನ್ನೂ ಹಾಗೇ ದ್ವೇಷಿಸುತ್ತಿರುವವನು ಹಿಂದಿದ್ದಾನೆ ಅಂತ ಒಮ್ಮೆಯಾದರೂ ಹೊಳೆದಿದೆಯಾ?

ಕೌಂಟರಿನ ಆ ಕಡೆ ಕೂತವರ ಬಗ್ಗೆಯೂ ಒಂದು ಮಾತು ಹೇಳಬೇಕು, ಸುಮ್ನೆ ಅವರನ್ನೇ ಬೈಯುತ್ತೇವೆ. ಡೆನ್ಮಾರ್ಕಿನ ಅಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದರು. ಲೈನು ಸಿಗದೆ ಕಾಯುವವರ ಲೆಕ್ಕವನ್ನು ಅವರು 1909ರಲ್ಲೇ ಶುರು ಮಾಡಿದರು. ಅಲ್ಲಿಂದ ಬೆಳೆದ ಶಾಸ್ತ್ರದ ಒಂದು ಸಂಗತಿ ಕೇಳಿ. ಒಂದು ಕೌಂಟರು, ಜನ ಯಾವಾಗ ಬರುತ್ತಾರೋ ಗೊತ್ತಿಲ್ಲ, ಒಬ್ಬೊಬ್ಬರ ಕೆಲಸಕ್ಕೆ ಎಷ್ಟು ಹೊತ್ತೋ ಗೊತ್ತಿಲ್ಲ. ಗುಮಾಸ್ತರಿಗೆ ದಿನದ ಅರ್ಧ ಹೊತ್ತು ಕೆಲಸ ಇದ್ದರೆ ಅಲ್ಲಿ ಸರಾಸರಿ ಒಬ್ಬರೇ ನಿಂತಿರುತ್ತಾರೆ. ನೂರಕ್ಕೆ 90ರಷ್ಟು ಹೊತ್ತು ಕೆಲಸ ಇದ್ದರೆ 9 ಜನ. ನೂರಕ್ಕೆ 95 ಆದರೆ 19. ನೋಡಿ, ಕೆಲಸ ಜಾಸ್ತಿಯಾಗಿದ್ದು ಚೂರೇ ಚೂರು, ಸಾಲು ಮಾತ್ರ ಎರಡರಷ್ಟಾಯಿತು. ಅದಕ್ಕೇ ಸೊಸೈಟಿಯಲ್ಲಿ ಹತ್ತು ನಿಮಿಷ ಸರ್ವರ್ ಕೈಕೊಟ್ಟರೆ ಮಧ್ಯಾಹ್ನದವರೆಗೂ ಸಾಲು ಕರಗುವುದಿಲ್ಲ. ಒಬ್ಬ ಅಜ್ಜಿಯ ಹೆಬ್ಬೆಟ್ಟು ಮೆಷಿನ್ನಿಗೆ ಗೊತ್ತಾಗದೆ ಇರುವುದು ಸಾಕು. ಐವತ್ತು ವರ್ಷ ಮಣ್ಣಲ್ಲಿ ಕೆಲಸ ಮಾಡಿ ರೇಖೆ ಸವೆದಿದೆ, ಸೆರಗಿನಲ್ಲಿ ಒರೆಸಿ, ಊದಿ, ಮತ್ತೆ ಒತ್ತಿ, ಕೊನೆಗೆ "ನಾನ್ ನಾನೇ ಕಣಪ್ಪ" ಅಂತ ಮೆಷಿನ್ನಿಗೇ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹಿಂದೆ ನಿಂತ ಯಾರೂ ಆ ಅಜ್ಜಿಯನ್ನು ಬೈಯಲಿಲ್ಲ. ಎಲ್ಲರೂ ಗುಮಾಸ್ತನನ್ನು ಬೈದರು.

ಈಗ ನಡುವೆ ನುಗ್ಗುವವರ ವಿಷಯ. ನೀವು ಕೇಳಿಲ್ಲ, ಆದರೆ ಇದನ್ನು ಬಿಟ್ಟರೆ ಸಾಲಿನ ಬಗ್ಗೆ ಮಾತಾಡಿದ ಹಾಗೇ ಅಲ್ಲ.

ಹಳ್ಳಿಯ ಹಾಲಿನ ಡೇರಿ ಮುಂದೆ ನೋಡಿದ್ದೀರಲ್ಲ, ಕ್ಯಾನುಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಒಡತಿಯರು ಜಗಲಿ ಮೇಲೆ ಕೂತು ಊರಿನ ಸಮಾಚಾರ ಮುಗಿಸುತ್ತಿರುತ್ತಾರೆ. ಒಂದು ಕ್ಯಾನು ಇನ್ನೊಂದನ್ನು ದಾಟಿ ಮುಂದೆ ಹೋಗಿದ್ದು ನಾನು ನೋಡಿಲ್ಲ. ಕ್ಯಾನಿಗಿರುವ ಮರ್ಯಾದೆ ಮನುಷ್ಯನಿಗಿಲ್ಲ. ಮನುಷ್ಯ ನಿಂತ ಸಾಲಿನಲ್ಲಿ ಒಬ್ಬ ಬರುತ್ತಾನೆ, ಯಾರ ಮುಖವನ್ನೂ ನೋಡದೆ, ಗೋಡೆಯ ಮೇಲಿನ ನೋಟಿಸ್ ಓದುವವನ ಹಾಗೆ ನಿಲ್ಲುತ್ತಾನೆ, ನೋಟಿಸ್ ಓದುತ್ತಾ ಓದುತ್ತಾ ಮುಂದೆ ಸರಿಯುತ್ತಾನೆ. ಇನ್ನೊಬ್ಬರು "ಒಂದೇ ಒಂದು ವಿಷಯ ಕೇಳ್ಬೇಕಿತ್ತು" ಅನ್ನುವವರು. ಒಂದೇ ವಿಷಯ ಕೇಳಲು ಬಂದವರ ಕೈಯಲ್ಲಿ ಯಾವಾಗಲೂ ಮೂರು ಪಾಸ್‌ಬುಕ್ ಇರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಪ್ರಯೋಗ ಇವರಿಗಾಗಿಯೇ ಮಾಡಿದ ಹಾಗಿದೆ. ಜೆರಾಕ್ಸ್ ಮೆಷಿನ್ ಮುಂದೆ ನಿಂತವರ ಹತ್ತಿರ ಹೋಗಿ, ಐದು ಪುಟ ಇದೆ, ನಾನು ಮೊದಲು ಮಾಡಿಕೊಳ್ಳಲಾ ಅಂತ ಬರೀ ಕೇಳಿದಾಗ ನೂರಕ್ಕೆ 60 ಜನ ಬಿಟ್ಟರು. ಅರ್ಜೆಂಟಿದೆ ಅಂತ ಕಾರಣ ಹೇಳಿದಾಗ 94. ಇಲ್ಲಿವರೆಗೆ ಸರಿ. ಮೂರನೆಯ ಸಲ "ಯಾಕಂದರೆ ನಾನು ಜೆರಾಕ್ಸ್ ಮಾಡಿಸಬೇಕು" ಅಂದರು. ಜೆರಾಕ್ಸ್ ಮೆಷಿನ್ ಮುಂದೆ ಬಂದವನು ಇನ್ನೇನು ರೊಟ್ಟಿ ತಟ್ಟಲು ಬಂದಿರುತ್ತಾನಾ? ಆದರೂ 93 ಜನ ಬಿಟ್ಟರು! "ಯಾಕಂದರೆ" ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಮುಂದಿನದನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ನಮ್ಮಲ್ಲಿ ಅದರ ಜಾಗದಲ್ಲಿ "ಬಸ್ಸಿಗೆ ಹೊತ್ತಾಯ್ತು" ಇದೆ. ಸಾಲಿನಲ್ಲಿರುವ ಎಲ್ಲರಿಗೂ ಬಸ್ಸಿಗೆ ಹೊತ್ತಾಗಿರುತ್ತದೆ, ಆದರೆ ಮೊದಲು ಬಾಯಿಬಿಟ್ಟು ಹೇಳಿದವನಿಗೆ ಮಾತ್ರ ಆಗಿದೆ ಅಂತ ನಂಬುತ್ತೇವೆ. ಹಾಂ, ಅದೇ ಪ್ರಯೋಗದಲ್ಲಿ ಪುಟ ಇಪ್ಪತ್ತಾದಾಗ ಈ ಹುಸಿ ಕಾರಣ ನಡೆಯಲಿಲ್ಲ, 24 ಜನ ಮಾತ್ರ ಒಪ್ಪಿದರು. ಹಾಗಾಗಿ ಮೂರು ಪಾಸ್‌ಬುಕ್‌ನವರು ಎರಡನ್ನು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅವರು ಲ್ಯಾಂಗರ್ ಅವರನ್ನು ಓದಿಲ್ಲ, ಹುಟ್ಟಾ ಬುದ್ಧಿ.

ಕೇಳದೆಯೇ ನುಗ್ಗುವವರ ಮೇಲೆ ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ತಂಡ ಮಾಡಿದ ಪ್ರಯೋಗ 1986ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನ 129 ಸಾಲುಗಳಲ್ಲಿ ತಮ್ಮ ಕಡೆಯವರನ್ನು ಮೂರನೆಯವನ ಮತ್ತು ನಾಲ್ಕನೆಯವನ ನಡುವೆ ತೂರಿಸಿ ನೋಡಿದರು. ಒಬ್ಬನೇ ನುಗ್ಗಿದಾಗ ಸುಮಾರು ಅರ್ಧದಷ್ಟು ಸಲ ಮಾತ್ರ ಯಾರಾದರೂ ಬಾಯಿಬಿಟ್ಟರು. ಅದೂ ಹೆಚ್ಚಾಗಿ ಹಿಂದಿನವರು. ನುಗ್ಗಿದವನ ಬೆನ್ನಿಗೇ ನಿಂತವನು ಸುಮ್ಮನಿದ್ದುಬಿಟ್ಟರೆ ಅವನ ಹಿಂದಿನವರೂ ತೆಪ್ಪಗಿರುತ್ತಾರೆ, ಇವನೇ ಸುಮ್ಮನಿದ್ದಾನೆ, ನಮಗ್ಯಾಕೆ, ಅವರ ಕಡೆಯವರೇ ಇರಬೇಕು ಅಂತ. ಮದುವೆ ಊಟದ ಹಾಲ್‌ನಲ್ಲಿ ಕುರ್ಚಿಯ ಹಿಂದೆ ನಿಂತು ತಿನ್ನುವವರ ಎಲೆಯನ್ನೇ ನೋಡುವ ನಾವು ಸಂಕೋಚದ ಜನ ಅಂತ ಯಾರೂ ಹೇಳುವುದಿಲ್ಲ. ಆದರೆ ಸಾಲಿನಲ್ಲಿ ಜಗಳ ತೆಗೆಯುವ ಕೆಲಸವನ್ನು ಮಾತ್ರ ಪಕ್ಕದವರಿಗೆ ಬಿಟ್ಟುಕೊಡುತ್ತೇವೆ.

ಹಾಸನದಲ್ಲಿ ಕೂತು ಸಾಲಿನ ಬಗ್ಗೆ ಬರೆದು ಹಾಸನಾಂಬೆಯನ್ನು ಬಿಟ್ಟರೆ ನನ್ನನ್ನು ಊರಿನವರು ಬಿಡುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆರೆಯುವ ದೇವಸ್ಥಾನ, ಹಾಗಾಗಿ ವರ್ಷದ ಸಾಲೆಲ್ಲ ಅಷ್ಟೇ ದಿನದಲ್ಲಿ. ಧರ್ಮದರ್ಶನದ ಸಾಲಿದೆ, ಈಚಿನ ವರ್ಷಗಳಲ್ಲಿ 300 ಮತ್ತು 1000 ರೂಪಾಯಿ ಟಿಕೆಟ್ಟಿನ ಸಾಲುಗಳೂ ಇವೆ. ದುಡ್ಡು ಕೊಟ್ಟ ಸಾಲು ಚಿಕ್ಕದಿರುತ್ತದೆ ಅಂತ ಎಲ್ಲರೂ ಅಂದುಕೊಂಡು ಬಂದರೆ ಅದು ಚಿಕ್ಕದಾಗಿ ಉಳಿಯಲು ಹೇಗೆ ಸಾಧ್ಯ? ನಾನು ಯಾವಾಗಲೂ ಧರ್ಮದರ್ಶನದವನು. ಹೋದ ಸಲ ಮುಂದೆ ಅರಕಲಗೂಡಿನ ಕಡೆಯ ಒಂದು ಸಂಸಾರ. ಮೊದಲ ಅರ್ಧ ಗಂಟೆ ಅವರ ಬೆನ್ನು ನೋಡಿದೆ. ಆಮೇಲೆ ಆ ತಾಯಿ ಡಬ್ಬಿ ತೆಗೆದು ಚಕ್ಕುಲಿ ಕೊಟ್ಟರು, ನಮ್ಮ ಹಿಂದಿನವರು ಕಿತ್ತಳೆ ಕೊಟ್ಟರು, ಯಾರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ಗದ್ದೆಗೆ ಆನೆ ಬಂದಿತ್ತು ಎಲ್ಲ ತಿಳಿಯಿತು. ಆ ಮೊದಲ ಅರ್ಧ ಗಂಟೆ ನೆನಪಿದೆ, ಆಮೇಲಿನ ಮೂರು ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. 1985ರಲ್ಲಿ ಮ್ಯಾನೇಜ್‌ಮೆಂಟ್ ಪಂಡಿತ ಡೇವಿಡ್ ಮೈಸ್ಟರ್ ಕಾಯುವವರ ಮನಸ್ಸಿನ ಬಗ್ಗೆ ಬರೆದಿದ್ದರಲ್ಲೂ ಇದೇ ಇದೆ. ಕೈಯಲ್ಲಿ ಕೆಲಸ ಇಲ್ಲದಿದ್ದರೆ ಹೊತ್ತು ಉದ್ದ, ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಉದ್ದ, ಅನ್ಯಾಯ ಆಗಿದೆ ಅನಿಸಿದರಂತೂ ಮುಗಿಯುವುದೇ ಇಲ್ಲ. ಎರಡನೆಯದಕ್ಕೆ ನಮ್ಮ ಪೊಲೀಸಿನವರ ಬಳಿ ಔಷಧಿ ಇದೆ. ಎಲ್ಲಿ ನಿಂತು ಕೇಳಿದರೂ "ಇನ್ನೇನ್ ಬಂತು, ಆ ತಿರುವು ಅಷ್ಟೇ" ಅನ್ನುತ್ತಾರೆ.

ಆ ಗುಡಿಯ ಕತೆಗಳೂ ಸಾಲಿನವೇ ನೋಡಿ. ದೇವಿಯ ಒಡವೆ ಕದಿಯಲು ಬಂದ ನಾಲ್ಕು ಕಳ್ಳರು ಕಲ್ಲಾದರಂತೆ, ಅಲ್ಲಿ ಕಳ್ಳಪ್ಪನ ಗುಡಿಯೇ ಇದೆ. ಬಾಗಿಲು ಮುಚ್ಚಿದಾಗ, ಸಾಲು ತಪ್ಪಿಸಿ ಒಳಗೆ ಹೋದವರು! ಇನ್ನೊಂದು ಸೊಸೆ ಕಲ್ಲು. ಅತ್ತೆಯ ಕಾಟ ತಾಳದೆ ದೇವಿಯನ್ನು ಕೂಗಿ ಕಲ್ಲಾದ ಸೊಸೆ ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅನ್ನುವ ನಂಬಿಕೆ. ಬ್ಯಾಂಕಿನ ಸಾಲಿನಲ್ಲಿ ತಾಳ್ಮೆ ಕೆಟ್ಟಾಗ ನಾನು ಆಕೆಯನ್ನು ನೆನೆಸಿಕೊಳ್ಳುತ್ತೇನೆ. ಪಕ್ಕದ ಸಾಲೇ ಇಲ್ಲದ ಸಾಲು ಅದೊಂದೇ.

ಸಾಲು ಬದಲಾಯಿಸಬೇಕಾ ಅಂತ ಕೇಳಿದ್ದಿರಿ. ಕಾರಣ ಕಣ್ಣಿಗೆ ಕಂಡರೆ ಬದಲಾಯಿಸಿ. ಗುಮಾಸ್ತರು ಟೀ ಕುಡಿಯಲು ಎದ್ದರು, ಪ್ರಿಂಟರ್ ಬಾಯಿ ತೆರೆದು ಕೂತಿದೆ, ಮುಂದಿನವರು ಚೀಲದಿಂದ ಚಿಲ್ಲರೆ ಸುರಿದರು, ಇಂಥದ್ದಾದರೆ ಹೊರಡಿ. ಸುಮ್ನೆ ಪಕ್ಕದ್ದು ಎರಡು ಹೆಜ್ಜೆ ಮುಂದೆ ಹೋಯಿತು ಅಂತ ಹೋಗಬೇಡಿ. ಇಲ್ಲಿ ಕಾದ ಹೊತ್ತನ್ನು ಬಿಟ್ಟುಕೊಟ್ಟು ಅಲ್ಲಿ ಬಾಲಕ್ಕೆ ನಿಲ್ಲುತ್ತೀರಿ. ನೀವು ಬಿಟ್ಟ ಸಾಲು ಓಡಿದ ಹಾಗೆ ಕಾಣುವುದು, ಅಲ್ಲಿ ನಿಮ್ಮ ಹಿಂದೆ ನಿಂತಿದ್ದ ಚೆಕ್ಸ್ ಶರ್ಟಿನವನ ಮೇಲೆ ನೀವು ಕಣ್ಣಿಟ್ಟಿರುವುದರಿಂದ. ನಿಲ್ಲುವ ಮೊದಲು ತಲೆ ಎಣಿಸಬೇಡಿ, ಕೈ ನೋಡಿ. ಒಂದೊಂದು ಚಲನ್ ಹಿಡಿದ ಎಂಟು ಜನ ಬೇಗ ಮುಗಿಯುತ್ತಾರೆ, ಫೈಲು ಹಿಡಿದ ಇಬ್ಬರು ಮುಗಿಯುವುದಿಲ್ಲ. ಟೋಕನ್ ಕೊಟ್ಟು ಒಂದೇ ಸಾಲಿನಿಂದ ಎಲ್ಲ ಕೌಂಟರಿಗೂ ಜನ ಕಳಿಸುವ ಕಡೆ ಇದ್ಯಾವ ತಲೆನೋವೂ ಇಲ್ಲ, ನಿಮ್ಮ ಆಮೇಲೆ ಬಂದವರು ನಿಮಗಿಂತ ಮೊದಲು ಕೌಂಟರ್ ಮುಟ್ಟಲು ಆಗುವುದೇ ಇಲ್ಲ.

ಮನೆಯವರನ್ನು ಒಪ್ಪಿಸಲು ಒಂದು ತಿಂಗಳು ಲೆಕ್ಕ ಬರೆದಿಡಿ ಅಂತ ಹೇಳೋಣ ಅಂದುಕೊಂಡೆ. ಆದರೆ ಬೇಡ. ಒಮ್ಮೆ ನಾನೂ ಸಣ್ಣ ಡೈರಿ ಹಿಡಿದು ಹೋಗಿದ್ದೆ, ಯಾವ ಸಾಲು ಎಷ್ಟು ನಿಮಿಷಕ್ಕೆ ಎಷ್ಟು ಜನ ಅಂತ. ಪಕ್ಕದ ಸಾಲು ನೋಡಿ ಬರೆದುಕೊಳ್ಳುತ್ತಾ ನಿಂತಿದ್ದೆ, ನನ್ನ ಮುಂದೆ ಜಾಗವಾಗಿದ್ದು ಗೊತ್ತೇ ಆಗಲಿಲ್ಲ. ತಲೆ ಎತ್ತಿದರೆ ಅಲ್ಲೊಬ್ಬರು ನಿಂತಿದ್ದಾರೆ. "ಏನ್ರೀ ಇದು, ನಾನಿದ್ದೀನಲ್ಲ ಇಲ್ಲಿ" ಅಂದೆ. ಅವರು ನನ್ನ ಡೈರಿ ನೋಡಿ, ಕೈ ಮುಗಿದು, "ಅಯ್ಯೋ ಕ್ಷಮಿಸಿ ಸಾರ್, ನೀವು ಆಫೀಸಿನವ್ರು ಅಂದ್ಕೊಂಡೆ" ಅಂದರು. ಜಾಗ ಮಾತ್ರ ಬಿಡಲಿಲ್ಲ.